ನಕ್ಷೆಯಲ್ಲಿಲ್ಲದ ಊರು, ಕಪಾಟಿನಲ್ಲಿಲ್ಲದ ನಕ್ಷೆ

ಹರ್ನ್‌ಡನ್ ನಿಲ್ದಾಣದಲ್ಲಿ ಸಿಲ್ವರ್ ಲೈನ್ ರೈಲು ಹತ್ತಿದರೆ ನಡುವೆ ಗಾಡಿ ಬದಲಿಸದೆ ಕ್ಯಾಪಿಟಲ್ ಸೌತ್‌ನಲ್ಲಿ ಇಳಿಯಬಹುದು. ಅಲ್ಲಿಂದ ಕೂಗಳತೆಯಲ್ಲಿ ಲೈಬ್ರರಿ ಆಫ್ ಕಾಂಗ್ರೆಸ್‌ನ ಮ್ಯಾಡಿಸನ್ ಕಟ್ಟಡವಿದೆ. ಅದರ ನೆಲಮಾಳಿಗೆಯ ಭೂಗೋಳ ಮತ್ತು ನಕ್ಷೆ ವಿಭಾಗದಲ್ಲಿ 50 ಲಕ್ಷಕ್ಕೂ ಹೆಚ್ಚು ನಕ್ಷೆಗಳಿವೆ. ಗುರುತಿನ ಚೀಟಿ ತೋರಿಸಿ ಉಚಿತವಾಗಿ ಓದುಗರ ಕಾರ್ಡು ಪಡೆದವರು, ಯಾವ ದೇಶದ ಪ್ರಜೆಯೇ ಆಗಿರಲಿ, ಹಾಳೆಗಳನ್ನು ತರಿಸಿಕೊಂಡು ನೋಡಬಹುದು. ಹರ್ನ್‌ಡನ್‌ಗೆ ಅಂಟಿಕೊಂಡಿರುವ ರೆಸ್ಟನ್‌ನಲ್ಲಿ ಅಮೆರಿಕದ ಭೂವೈಜ್ಞಾನಿಕ ಸಮೀಕ್ಷೆಯ ಕೇಂದ್ರ ಕಚೇರಿಯಿದೆ. ಅದು ತಯಾರಿಸಿದ ನಕ್ಷೆಗಳಿಗೆ ಹಕ್ಕುಸ್ವಾಮ್ಯದ ಬೇಲಿಯಿಲ್ಲ. ಅವು ಸಾರ್ವಜನಿಕರ ಸ್ವತ್ತು.

ಈ ಸಮೃದ್ಧಿಯ ನಡುವೆ ಬದುಕುವ ಕನ್ನಡಿಗರಾದ ನಾವು ಕೇಳಿಕೊಳ್ಳಬೇಕಾದ ಪ್ರಶ್ನೆಯೊಂದಿದೆ. ಕರ್ನಾಟಕದ ವಿಶ್ವವಿದ್ಯಾಲಯಗಳ ಗ್ರಂಥಾಲಯಗಳಲ್ಲಿ ಪುಸ್ತಕಕ್ಕೆ ದೊರೆತ ಸ್ಥಾನ ನಕ್ಷೆಗೆ ಏಕೆ ದೊರೆಯಲಿಲ್ಲ? ಸುಸಜ್ಜಿತ ನಕ್ಷೆ ಸಂಗ್ರಹವೊಂದು ನಮ್ಮ ನಾಡಿನ ಪ್ರತಿ ವಿಶ್ವವಿದ್ಯಾಲಯದಲ್ಲೂ ಇರಬೇಕೆಂಬ ಬೇಡಿಕೆಯನ್ನು ನಾವು ಏಕೆ ಮುಂದಿಡಬಾರದು?

ಮೊದಲಿಗೆ ಒಂದು ಭ್ರಮೆಯನ್ನು ಕಳಚಬೇಕು. ಅಮೆರಿಕದ ವಿಶ್ವವಿದ್ಯಾಲಯಗಳ ನಕ್ಷೆ ಕೊಠಡಿಗಳು ಕೇವಲ ಜ್ಞಾನದಾಹದಿಂದ ತುಂಬಿದವಲ್ಲ. ಎರಡನೆಯ ಮಹಾಯುದ್ಧ ಮುಗಿದಾಗ ಸೇನೆಯ ನಕ್ಷೆ ಸೇವೆಯ ಬಳಿ ರಾಶಿರಾಶಿ ಹಾಳೆಗಳು ಉಳಿದಿದ್ದವು. 1945ರಿಂದ ಅವನ್ನು ವಿಶ್ವವಿದ್ಯಾಲಯಗಳಿಗೆ ಹಂಚಲಾಯಿತು. ಅನೇಕ ಕಡೆ ನಕ್ಷೆ ಗ್ರಂಥಾಲಯ ಹುಟ್ಟಿದ್ದೇ ಆ ಯುದ್ಧಶೇಷದಿಂದ. ಅದೇ ಸಂಸ್ಥೆ 1950ರ ದಶಕದಿಂದ ಭಾರತದ ಮೇಲೆ ಯು-502 ಎಂಬ ಮಾಲಿಕೆಯನ್ನು ಮುದ್ರಿಸಿತು. ಅದರಲ್ಲಿ ಒಂದು ಸೆಂಟಿಮೀಟರಿಗೆ ಎರಡೂವರೆ ಕಿಲೋಮೀಟರು. ಇಂದು ಟೆಕ್ಸಾಸ್ ವಿಶ್ವವಿದ್ಯಾಲಯದ ಗ್ರಂಥಾಲಯ ಅದನ್ನು ಜಾಲದಲ್ಲಿ ಮುಕ್ತವಾಗಿ ಇಟ್ಟಿದೆ. ಅತ್ತ ಭಾರತದಲ್ಲಿ ಗಡಿ ಮತ್ತು ಕರಾವಳಿಯ ವಿವರವಾದ ಹಾಳೆಗಳು ದಶಕಗಳ ಕಾಲ ರಕ್ಷಣೆಯ ಹೆಸರಿನಲ್ಲಿ ನಿರ್ಬಂಧಿತವಾಗಿದ್ದವು. ಮಂಗಳೂರಿನ ವಿದ್ಯಾರ್ಥಿಗೆ ತನ್ನ ಊರಿನ ಹಾಳೆ ಸಿಗುವುದು ದುಸ್ತರವಾಗಿದ್ದಾಗ ಅದೇ ಕರಾವಳಿಯ ಚಿತ್ರ ಪರದೇಶದ ಕಪಾಟಿನಲ್ಲಿ ತಣ್ಣಗೆ ಕುಳಿತಿತ್ತು. 2005ರ ರಾಷ್ಟ್ರೀಯ ನಕ್ಷೆ ನೀತಿ ಈ ಬಿಗಿಯನ್ನು ಕೊಂಚ ಸಡಿಲಿಸಿತು. 2021ರ ಫೆಬ್ರವರಿಯ ಮಾರ್ಗಸೂಚಿ ಇನ್ನಷ್ಟು ಸಡಿಲಿಸಿತು. 2017ರಲ್ಲಿ ಸರ್ವೇ ಆಫ್ ಇಂಡಿಯಾ ಉಚಿತ ನಕ್ಷೆಗಳ ಜಾಲತಾಣ ತೆರೆದಾಗ ಬಾಗಿಲಲ್ಲೇ ಆಧಾರ್ ಸಂಖ್ಯೆ ಕೇಳಿತು. ಬಾಗಿಲು ತೆರೆದಿದೆ, ಆದರೆ ಕಾವಲುಗಾರನ ಮನಸ್ಸು ಬದಲಾಗಿಲ್ಲ.

ನಕ್ಷೆ ನಿರಪರಾಧಿಯೆಂದು ನಾವು ಹೇಳುತ್ತಿಲ್ಲ. 1799ರಲ್ಲಿ ಶ್ರೀರಂಗಪಟ್ಟಣ ಬಿದ್ದೊಡನೆ ಕಾಲಿನ್ ಮೆಕೆಂಜಿ ಮೈಸೂರಿನ ಸರ್ವೇಕ್ಷಣೆಗೆ ಇಳಿದ. 1800ರಲ್ಲಿ ವಿಲಿಯಂ ಲ್ಯಾಂಬ್ಟನ್ ಬೆಂಗಳೂರಿನ ಬಯಲಿನಲ್ಲಿ ಆಧಾರರೇಖೆ ಅಳೆದ. ಗೆದ್ದ ನೆಲವನ್ನು ಅಳೆದು ಕಂದಾಯ ಕಟ್ಟುವುದೇ ಕಂಪನಿಯ ಗುರಿಯಾಗಿತ್ತು. ಆದರೆ ಆ ಕೆಲಸದ ಬೆನ್ನೆಲುಬಾದವರು ಕಾವಲಿ ವೆಂಕಟ ಬೋರಯ್ಯ, ಮಲೆಯೂರಿನ ಜೈನ ಪಂಡಿತ ಧರ್ಮಯ್ಯರಂಥ ದೇಶೀಯರು. ಅವರ ಶ್ರಮದಿಂದ ಕೂಡಿದ್ದು ಇಂದು ಬಹುಪಾಲು ಲಂಡನ್ ಮತ್ತು ಚೆನ್ನೈಗಳ ನಡುವೆ ಹಂಚಿಹೋಗಿದೆ. ತನ್ನನ್ನು ಅಳೆದ ಕಾಗದವೇ ಇಲ್ಲದ ನಾಡು ಆ ಅಳತೆಯನ್ನು ಪ್ರಶ್ನಿಸುವುದಾದರೂ ಹೇಗೆ?

ಪ್ರಶ್ನಿಸುವುದಕ್ಕೆ ಕಾಗದ ಬೇಕೆಂಬುದಕ್ಕೆ ವರ್ಜೀನಿಯಾದಲ್ಲೇ ಪಾಠವಿದೆ. 1930ರ ದಶಕದಲ್ಲಿ ಅಮೆರಿಕದ ಗೃಹಸಾಲ ನಿಗಮ ನಗರಗಳ ನಕ್ಷೆಗಳಿಗೆ ಬಣ್ಣ ಹಚ್ಚಿ, ಕಪ್ಪುಜನರ ಕೇರಿಗಳನ್ನು ಕೆಂಪಿನಲ್ಲಿ ಗುರುತಿಸಿ, ಅಲ್ಲಿ ಸಾಲ ನೀಡುವುದು ಅಪಾಯಕರವೆಂದು ಸಾರಿತು. ಅಟ್ಲಾಂಟಾ, ಷಾರ್ಲಟ್, ರಿಚ್‌ಮಂಡ್ ಯಾವುದೂ ಹೊರತಲ್ಲ. ರಾಷ್ಟ್ರೀಯ ದಾಖಲೆ ಭಂಡಾರದಲ್ಲಿದ್ದ ಆ ಹಾಳೆಗಳನ್ನು ರಿಚ್‌ಮಂಡ್ ವಿಶ್ವವಿದ್ಯಾಲಯದ ಪ್ರಯೋಗಾಲಯವೊಂದು ಡಿಜಿಟಲ್ ರೂಪಕ್ಕೆ ತಂದು ಎಲ್ಲರ ಮುಂದಿಟ್ಟಿತು. ದಬ್ಬಾಳಿಕೆಯ ಸಾಧನವೇ ದಬ್ಬಾಳಿಕೆಯ ಸಾಕ್ಷಿಯಾಯಿತು. ಯಾರೋ ಗುಮಾಸ್ತರು ಅದನ್ನು ರದ್ದಿಗೆ ಹಾಕಿದ್ದರೆ ಅನ್ಯಾಯ ಇರುತ್ತಿತ್ತು, ಪುರಾವೆ ಇರುತ್ತಿರಲಿಲ್ಲ.

ನಮ್ಮಲ್ಲಿಯೂ ಇಂಥ ಪುರಾವೆಗೆ ಕಾದಿರುವ ಪ್ರಶ್ನೆಗಳು ಒಂದೆರಡಲ್ಲ. ಬೆಂಗಳೂರಿನ ಧರ್ಮಾಂಬುಧಿ ಕೆರೆ ಬಸ್ ನಿಲ್ದಾಣವಾಯಿತು. ಸಂಪಂಗಿ ಕೆರೆಯ ಅಂಗಳದಲ್ಲಿ ಕ್ರೀಡಾಂಗಣ ಎದ್ದಿತು. 2016ರಲ್ಲಿ ರಾಜಕಾಲುವೆ ಒತ್ತುವರಿಯೆಂದು ಮನೆಗಳನ್ನು ಕೆಡವಿದಾಗ ಆಡಳಿತ ಮುಂದೆ ಹಿಡಿದದ್ದು ಹಳೆಯ ಗ್ರಾಮನಕ್ಷೆಗಳನ್ನು. ಸಾಲ ಮಾಡಿ ನಿವೇಶನ ಕೊಂಡವರು ಆ ನಕ್ಷೆಯನ್ನು ನೋಡಿದ್ದು ಜೆಸಿಬಿ ಬಾಗಿಲಿಗೆ ಬಂದ ಮೇಲೆ. ಶರಾವತಿ ಕಣಿವೆಯ ಎಷ್ಟೋ ಊರುಗಳು 1964ರಲ್ಲಿ ಲಿಂಗನಮಕ್ಕಿ ಜಲಾಶಯದಡಿ ಹೋದವು. ಅವುಗಳ ಗದ್ದೆಯ ಅಂಚು, ಕಾಲುದಾರಿ, ದೇವರ ಬನಗಳಿಗೆ ಈಗ ಉಳಿದಿರುವ ನೆಲೆ ಹಿಂದಿನ ಹಾಳೆಗಳು ಮಾತ್ರ.

ಇವೆಲ್ಲಕ್ಕಿಂತ ಗಂಭೀರವಾದದ್ದು ನಕ್ಷೆ ಬರೆಯದೆ ಬಿಟ್ಟದ್ದರ ಕಥೆ. ಕಂದಾಯ ಸರ್ವೇ ಹೊಲಕ್ಕೆ ಸಂಖ್ಯೆ ಕೊಟ್ಟಿತು, ಏಕೆಂದರೆ ಹೊಲ ತೆರಿಗೆ ಕೊಡುತ್ತದೆ. ಜನ ವಾಸಿಸುವ ಗ್ರಾಮಠಾಣಾ ಅದರ ಕಣ್ಣಿಗೆ ಒಂದು ಖಾಲಿ ಗೆರೆ. ಆ ಗೆರೆಯೊಳಗೆ ಯಾರ ಮನೆ ಎಲ್ಲಿದೆ, ಕೇರಿ ಎಲ್ಲಿ ಮೊದಲಾಗುತ್ತದೆ, ಬಾವಿ ಯಾರ ಬದಿಗಿದೆ ಎಂಬುದನ್ನು ಅದು ಬರೆಯಲಿಲ್ಲ. ಲಂಬಾಣಿ ತಾಂಡಾ, ಗೊಲ್ಲರಹಟ್ಟಿಗಳ ಪಾಡು ಇನ್ನೂ ಕಷ್ಟದ್ದು. ತಲೆಮಾರುಗಳಿಂದ ಜನ ಬಾಳುತ್ತಿದ್ದರೂ ಅವು ಕಂದಾಯ ಗ್ರಾಮಗಳೇ ಆಗಿರಲಿಲ್ಲ. 1951ರ ಕಾಗೋಡು ಸತ್ಯಾಗ್ರಹದಿಂದ 1974ರ ಭೂಸುಧಾರಣೆಯವರೆಗೆ ಉಳುವವನ ಹಕ್ಕಿಗಾಗಿ ಹೋರಾಡಿದ ನಾಡಿನಲ್ಲಿ, ವಾಸಿಸುವವನನ್ನು ನೆಲದೊಡೆಯನೆನ್ನಲು 2017ರ ತಿದ್ದುಪಡಿಯವರೆಗೆ ಕಾಯಬೇಕಾಯಿತು. ನಕ್ಷೆಯಲ್ಲಿಲ್ಲದ ಊರಿಗೆ ಹಕ್ಕುಪತ್ರವೂ ಇಲ್ಲ.

ಆದ್ದರಿಂದ ವಿಶ್ವವಿದ್ಯಾಲಯದ ಸಂಗ್ರಹ ಸರ್ಕಾರಿ ಹಾಳೆಗಳ ಗೋದಾಮಾಗಿ ನಿಲ್ಲಬಾರದು. ಟಿಪ್ಪಣಿ, ಪೋಡಿ ನಕಾಶೆ, ನೀರಾವರಿ ಇಲಾಖೆಯ ಕಾಲುವೆ ಚಿತ್ರಗಳು, ತಾಂಡಾದ ಹಿರಿಯರು ನೆಲದಲ್ಲಿ ಗೆರೆ ಎಳೆದು ತೋರಿಸುವ ಊರಿನ ವಿನ್ಯಾಸ ಎಲ್ಲವೂ ಅಲ್ಲಿ ಸಮಾನ ಗೌರವದಿಂದ ಸೇರಬೇಕು. ಹೆಸರುಗಳ ವಿಷಯದಲ್ಲೂ ಎಚ್ಚರ ಬೇಕು. ಮಂಜೇಶ್ವರವನ್ನು ಮಂಜೇಶ್ವರಂ ಎಂದಷ್ಟೇ ನಮೂದಿಸಿದರೆ ಕಾಸರಗೋಡಿನ ಕನ್ನಡಿಗನಿಗೆ ತನ್ನೂರು ಸಿಗುವುದಿಲ್ಲ. ಬೆಳಗಾವಿ ಎಂದಷ್ಟೇ ನಮೂದಿಸಿದರೆ 2014ಕ್ಕೂ ಹಿಂದಿನ ಹಾಳೆ ಹುಡುಕುವವನಿಗೆ ದಾರಿ ತಪ್ಪುತ್ತದೆ. ಎಲ್ಲ ರೂಪಗಳನ್ನೂ ದಾಖಲಿಸುವುದು ಸೂಚಿಕಾರನ ಧರ್ಮ; ಗಡಿ ತೀರ್ಮಾನಿಸುವುದು ಅವನ ಕೆಲಸವಲ್ಲ.

ಕಟ್ಟುವುದಕ್ಕಿಂತ ಕಾಪಾಡುವುದೇ ಕಷ್ಟ. ನಕ್ಷೆಯನ್ನು ಮಡಚಿದ ಕಡೆಯೇ ಅದು ಹರಿಯುತ್ತದೆ. ಆದ್ದರಿಂದ ಆಳವಿಲ್ಲದ ಅಗಲ ಉಕ್ಕಿನ ಸೆಳೆಖಾನೆಗಳಲ್ಲಿ, ಆಮ್ಲರಹಿತ ಕಾಗದದ ಹೊದಿಕೆಯೊಳಗೆ ಚಪ್ಪಟೆಯಾಗಿ ಇಡಬೇಕು. ಅಂಟುಪಟ್ಟಿ, ಲ್ಯಾಮಿನೇಷನ್ ಎರಡೂ ಅದರ ಶತ್ರುಗಳು. ಕರಾವಳಿಯ ತೇವದಲ್ಲಿ ಬೂಷ್ಟು, ಬಯಲುಸೀಮೆಯಲ್ಲಿ ಗೆದ್ದಲು ಕಾದಿರುತ್ತವೆ. ಸೂಚಿಯಲ್ಲಿ ಅಳತೆಯ ಪ್ರಮಾಣ, ಹಾಳೆಯ ಸಂಖ್ಯೆ, ಸರ್ವೇ ಆದ ವರ್ಷ, ಮುದ್ರಣದ ವರ್ಷ ಎಲ್ಲವೂ ಬೇರೆಬೇರೆಯಾಗಿ ಇರಬೇಕು. 1970ರಲ್ಲಿ ಮುದ್ರಿತವಾದ ಹಾಳೆ 1920ರ ನೆಲವನ್ನು ತೋರಿಸುತ್ತಿರಬಹುದು. ಹೊಸ ಆವೃತ್ತಿ ಬಂದಿತೆಂದು ಹಳೆಯದನ್ನು ಎಸೆಯುವುದು ಅಕ್ಷಮ್ಯ. ಎಲ್ಲವೂ ಕೈಯಲ್ಲಿನ ಫೋನಿನಲ್ಲಿದೆಯಲ್ಲ ಎನ್ನುವವರಿಗೂ ಉತ್ತರ ಇದೇ: ಫೋನಿನ ನಕ್ಷೆ ಇಂದಿನದನ್ನು ತೋರಿಸುತ್ತದೆ, ನಿನ್ನೆಯದನ್ನು ಅಳಿಸಿಕೊಂಡು.

ಇದಕ್ಕೆಲ್ಲ ಬೇಕಾದದ್ದು ತರಬೇತಿ ಪಡೆದ, ಕಾಯಂ ಸಂಬಳದ ಗ್ರಂಥಪಾಲಕರು. ಇಲ್ಲಿಯೇ ವಲಸಿಗರಾದ ನಮ್ಮ ಔದಾರ್ಯದ ಪರೀಕ್ಷೆ. ನಾವು ಊರಿಗೆ ಕೊಡುವ ದೇಣಿಗೆ ಸಾಮಾನ್ಯವಾಗಿ ಹೆಸರು ಕೆತ್ತಿಸಬಹುದಾದ ಗೋಡೆಯನ್ನು ಹುಡುಕುತ್ತದೆ. ಸಂಬಳಕ್ಕೆ, ಸ್ಕ್ಯಾನರಿನ ದುರಸ್ತಿಗೆ, ತೇವ ಹೀರುವ ಯಂತ್ರದ ವಿದ್ಯುತ್ ಬಿಲ್ಲಿಗೆ ಕಲ್ಲಿನ ಫಲಕ ಇರುವುದಿಲ್ಲ. ಪ್ರತಿವರ್ಷ ತಪ್ಪದೆ ಬರುವ ಸಣ್ಣ ಮೊತ್ತವೇ ಸಂಗ್ರಹವನ್ನು ಬದುಕಿಸುತ್ತದೆ. ದೇಣಿಗೆಯೊಂದಿಗೆ ಒಂದು ಷರತ್ತನ್ನೂ ನಾವು ಇಡಬೇಕು: ಸಂಗ್ರಹ ರೈತನಿಗೂ ಸಂಶೋಧಕನಿಗೂ ಸಮಾನವಾಗಿ ತೆರೆದಿರಲಿ, ಗುರುತಿನ ಸಂಖ್ಯೆಯ ತಡೆಯಿಲ್ಲದೆ.

ಹಣವಿಲ್ಲದವರೂ ಕೊಡಬಲ್ಲದ್ದು ಇದೆ. ಹಳೆಯ ಪೆಟ್ಟಿಗೆಯಲ್ಲಿ ಕ್ರಯಪತ್ರದ ಜೊತೆ ಮಡಚಿಟ್ಟ ಟಿಪ್ಪಣಿ, ಮುಳುಗಡೆಯ ಪರಿಹಾರಕ್ಕಾಗಿ ತಾತ ಬರೆಸಿದ ನಕಾಶೆ, ಶಾಲೆಯ ಗೋಡೆಯಿಂದ ಇಳಿಸಿದ ತಾಲ್ಲೂಕು ಪಟ ನಮ್ಮಲ್ಲಿ ಎಷ್ಟೋ ಮನೆಗಳಲ್ಲಿವೆ. ಮುಂದಿನ ಬಾರಿ ಊರಿಗೆ ಹೋದಾಗ ಅವನ್ನು ಹುಡುಕಿ, ಬಿಡಿಸುವಾಗ ಹರಿಯದಂತೆ ನೋಡಿಕೊಂಡು ಪ್ರತಿ ತೆಗೆಯಿರಿ. ಯಾರು, ಯಾವ ವರ್ಷ, ಯಾವ ಕಾರಣಕ್ಕೆ ಬರೆಸಿದ್ದೆಂದು ಹಿರಿಯರನ್ನು ಕೇಳಿ ಬರೆದಿಡಿ. ಆ ಮಾತು ಹೇಳಬಲ್ಲವರು ಪ್ರತಿವರ್ಷ ಕಡಿಮೆಯಾಗುತ್ತಿದ್ದಾರೆ.