ಒಂದು ಕಾನೂನು, ಒಂದು ಗ್ರಂಥಾಲಯ

1981ರ ಜೂನ್ ತಿಂಗಳ ಮೊದಲಲ್ಲಿ ಒಂದು ರಾತ್ರಿ, ಶ್ರೀಲಂಕೆಯ ಉತ್ತರದಲ್ಲಿರುವ ಜಾಫ್ನಾ ನಗರದ ಸಾರ್ವಜನಿಕ ಗ್ರಂಥಾಲಯವನ್ನು ಸಿಂಹಳೀಯರ ಗುಂಪೊಂದು ಸುಟ್ಟುಹಾಕಿತು. ಕಾಯಬೇಕಾದ ಪೊಲೀಸರೂ ಆ ಗುಂಪಿನಲ್ಲಿದ್ದರು. ಸುಮಾರು 97,000 ಗ್ರಂಥಗಳೂ ಅಮೂಲ್ಯವಾದ ಓಲೆಗರಿಗಳೂ ಬೂದಿಯಾದವು. ಪುಸ್ತಕಗಳು ಯಾರಿಗೆ ಏನು ಕೇಡು ಬಗೆದಿದ್ದವು? ಅವು ತಮಿಳರ ಹೆಮ್ಮೆಯ ನಿಧಿಯಾಗಿದ್ದವು; ಅದೇ ಅವುಗಳ ಅಪರಾಧವಾಯಿತು.

ಈ ಬೆಂಕಿಯ ಕಿಡಿಯನ್ನು ಅರಸುತ್ತ ಹೋದರೆ 1956ರ ಒಂದು ಕಾನೂನು ಎದುರಾಗುತ್ತದೆ. 1948ರಲ್ಲಿ ಸ್ವತಂತ್ರವಾದ ಆ ದ್ವೀಪದಲ್ಲಿ ಆಡಳಿತವು ಇಂಗ್ಲಿಷಿನಲ್ಲಿಯೇ ನಡೆಯುತ್ತಿತ್ತು. ಅದನ್ನು ಬಲ್ಲವರು ಕೆಲವರು ಮಾತ್ರ. ಆಡಳಿತವು ಜನರ ನುಡಿಯಲ್ಲಿ ನಡೆಯಬೇಕೆಂಬ ಬಯಕೆ ನ್ಯಾಯವಾದುದೇ. ಆದರೆ ಅಲ್ಲಿ ಜನರ ನುಡಿಗಳು ಎರಡು. ಪ್ರಧಾನಿ ಬಂಡಾರನಾಯಕೆಯವರ ಸರ್ಕಾರವು ಬಹುಸಂಖ್ಯಾತರ ಸಿಂಹಳವೊಂದನ್ನೇ ಆಡಳಿತ ಭಾಷೆಯೆಂದು ಸಾರಿತು. ಎರಡಕ್ಕೂ ಸಮಾನ ಸ್ಥಾನ ದೊರೆಯದಿದ್ದರೆ ನಾಡೇ ಎರಡಾದೀತೆಂದು ಕಾಲ್ವಿನ್ ಆರ್. ಡಿಸಿಲ್ವರು ಸಂಸತ್ತಿನಲ್ಲಿ ಎಚ್ಚರಿಸಿದರು. ಅವರೂ ಸಿಂಹಳೀಯರೇ. 1957ರಲ್ಲಿ ತಮಿಳರ ನಾಯಕ ಚೆಲ್ವನಾಯಕಂ ಅವರೊಡನೆ ಪ್ರಧಾನಿ ಮಾಡಿಕೊಂಡ ಒಪ್ಪಂದವೂ ವಿರೋಧಿಗಳ ಒತ್ತಡಕ್ಕೆ ಮರುವರ್ಷವೇ ಮುರಿದುಬಿತ್ತು.

ಅಲ್ಲಿಂದ ಮುಂದೆ ಸಿಂಹಳವನ್ನು ಅರಿಯದ ತಮಿಳು ನೌಕರನಿಗೆ ಬಡ್ತಿ ದುರ್ಲಭವಾಯಿತು. 1970ರ ದಶಕದಲ್ಲಿ ತಮಿಳು ಮಾಧ್ಯಮದ ವಿದ್ಯಾರ್ಥಿಯು ವಿಶ್ವವಿದ್ಯಾಲಯವನ್ನು ಸೇರಲು ಸಿಂಹಳ ಮಾಧ್ಯಮದವನಿಗಿಂತ ಹೆಚ್ಚು ಅಂಕಗಳನ್ನು ಪಡೆಯಬೇಕಾಯಿತು. 1976ರಲ್ಲಿ ಪ್ರತ್ಯೇಕ ರಾಷ್ಟ್ರದ ಬೇಡಿಕೆ ಎದ್ದಿತು. 1983ರ ಜುಲೈ ತಿಂಗಳಲ್ಲಿ ಕೊಳಂಬೊ ನಗರದ ಬೀದಿಗಳಲ್ಲಿ ತಮಿಳರ ಕೊಲೆ, ಸುಲಿಗೆಗಳು ನಡೆದು, ಅಂತರ್ಯುದ್ಧ ಹೊತ್ತಿಕೊಂಡಿತು.

ಅನ್ಯಾಯಕ್ಕೆ ಒಳಗಾದವರು ಮಾಡುವುದೆಲ್ಲವೂ ನ್ಯಾಯವಾಗುವುದಿಲ್ಲ. ತಮಿಳರ ಹೆಸರಿನಲ್ಲಿ ಬಂದೂಕು ಹಿಡಿದ ಎಲ್‌ಟಿಟಿಇ ಸಂಘಟನೆಯು ಪಾಟಿಚೀಲ ಹೊರಬೇಕಾದ ಮಕ್ಕಳ ಹೆಗಲಿಗೆ ಕೋವಿಯನ್ನು ಏರಿಸಿತು. 1990ರಲ್ಲಿ ಅದು ಉತ್ತರದ ಮುಸಲ್ಮಾನರನ್ನು ಊರು ಬಿಡಿಸಿ ಅಟ್ಟಿತು. ಅವರ ಮನೆಮಾತೂ ತಮಿಳೇ ಆಗಿತ್ತು! 2009ರ ಮೇ ತಿಂಗಳಲ್ಲಿ ಯುದ್ಧ ಮುಗಿಯುವ ವೇಳೆಗೆ 80,000ದಿಂದ 1,00,000 ಜನ ಮಡಿದಿದ್ದರೆಂದು ವಿಶ್ವಸಂಸ್ಥೆ ಅಂದಾಜು ಮಾಡಿದೆ. ಕಾಣೆಯಾದ ಮಕ್ಕಳ ಭಾವಚಿತ್ರ ಹಿಡಿದ ತಾಯಂದಿರು ಯುದ್ಧ ಮುಗಿದ ಮೇಲೂ ವರ್ಷಗಟ್ಟಲೆ ಬೀದಿಯಲ್ಲಿ ಕುಳಿತರು.

ತಮಿಳಿಗೂ ಆಡಳಿತ ಭಾಷೆಯ ಸ್ಥಾನ ದೊರೆತುದು 1987ರಲ್ಲಿ. 31 ವರ್ಷಗಳ ಹಿಂದೆ ಒಂದು ವಾಕ್ಯದಲ್ಲಿ ಕೊಡಬಹುದಾಗಿದ್ದ ಮನ್ನಣೆ ಅದು.

ಅದೇ 1956ರಲ್ಲಿ ನಮ್ಮ ದೇಶದಲ್ಲಿ ಭಾಷಾವಾರು ಪ್ರಾಂತಗಳು ರೂಪುಗೊಂಡವು. ಹರಿದು ಹಂಚಿಹೋಗಿದ್ದ ಕನ್ನಡಿಗರು ಒಂದಾದರು. ಇದರಿಂದ ದೇಶ ಒಡೆದೀತೆಂದು ಅಂಜಿದವರಿದ್ದರು. ಒಡೆಯಲಿಲ್ಲ. ನುಡಿಗೆ ನೆಲೆ ಕೊಟ್ಟುದರಿಂದ ನಾಡು ಉಳಿಯಿತು. ನೆಲೆ ಕಿತ್ತುಕೊಂಡಲ್ಲಿ ನಾಡು ಬಿರುಕುಬಿಟ್ಟಿತು ಎಂಬುದೇ ನನ್ನ ಅಭಿಪ್ರಾಯ. ಆದರೆ ನೆಲೆ ಪಡೆದವರಿಗೂ ಒಂದು ಹೊಣೆಯಿದೆ. ನಮ್ಮ ನಡುವೆ ಬೇರೆ ಮನೆಮಾತನ್ನಾಡುವ ನೆರೆಯವರಿದ್ದಾರೆ. ಅವರ ನುಡಿಯನ್ನು ಹಳಿಯದೆ ನಮ್ಮ ನುಡಿಯನ್ನು ಪ್ರೀತಿಸುವುದನ್ನು ನಾವು ಕಲಿಯಬೇಕು.

ಜಾಫ್ನಾದ ಗ್ರಂಥಾಲಯವನ್ನು ಮತ್ತೆ ಕಟ್ಟಿ 2003ರಲ್ಲಿ ತೆರೆದರು. ಗೋಡೆಗಳು ಮರಳಿ ಎದ್ದವು. ಆದರೆ ಸುಟ್ಟುಹೋದ ಓಲೆಗರಿಗಳು ಮರಳಲಿಲ್ಲ. ಮಡಿದ ಮಕ್ಕಳೂ ಮರಳಲಿಲ್ಲ.