ಗುಳೆ ಹೋಗುವವರ ಹುಟ್ಟೂರು

ಹುಟ್ಟೂರಿನಲ್ಲೇ ಇರುವುದು ಮೇಲೋ, ಊರೂರು ತಿರುಗಿ ಬದುಕು ಕಟ್ಟಿಕೊಳ್ಳುವುದು ಮೇಲೋ ಎಂದು ಚರ್ಚೆ ಮಾಡುವವರಲ್ಲಿ ಹೆಚ್ಚಿನವರಿಗೆ ಎರಡಕ್ಕೂ ಅನುಕೂಲ ಇರುತ್ತದೆ. ಸುರಪುರ, ದೇವದುರ್ಗ, ಲಿಂಗಸುಗೂರು ಕಡೆಯ ಹಳ್ಳಿ, ತಾಂಡಾಗಳಲ್ಲಿ ಈ ಮಾತನ್ನು ತೀರ್ಮಾನಿಸುವುದು ಮಳೆ ಮತ್ತು ಸಾಲ. ಸುಗ್ಗಿ ಮುಗಿಯುತ್ತಿದ್ದಂತೆ ಮೇಸ್ತ್ರಿ ಮುಂಗಡ ಹಿಡಿದು ಬರುತ್ತಾನೆ. ಮನೆಗೆ ಬೀಗ ಬೀಳುತ್ತದೆ. ಮುದುಕರು, ಮೇಕೆಗಳು ಊರಲ್ಲಿ ಉಳಿಯುತ್ತವೆ. ಮಿಕ್ಕವರು ಬೆಂಗಳೂರು, ಪುಣೆ, ಗೋವಾ ಎಂದು ಗುಳೆ ಹೊರಡುತ್ತಾರೆ. ಮುಂಗಾರಿಗೆ ಮತ್ತೆ ವಾಪಸ್.

ಇದೇ ಸೀಮೆಗೆ ಹೊರಗಿನಿಂದ ಬಂದು ನೆಲೆಸಿದವರೂ ಇದ್ದಾರೆ. 1953ರಲ್ಲಿ ತುಂಗಭದ್ರಾ ಅಣೆಕಟ್ಟೆ ಸಿದ್ಧವಾಗಿ ಎಡದಂಡೆ ಕಾಲುವೆಗೆ ನೀರು ಬಂದ ಮೇಲೆ ಆಂಧ್ರದ ರೈತರು ಸಿಂಧನೂರು, ಗಂಗಾವತಿ ಸುತ್ತ ಜಮೀನು ಕೊಂಡರು. ಅವರ ಊರುಗಳ ಹೆಸರಿಗೆ ಇಂದಿಗೂ ‘ಕ್ಯಾಂಪ್’ ಅಂಟಿಕೊಂಡಿದೆ. ಪೂರ್ವ ಪಾಕಿಸ್ತಾನದಿಂದ ಬಂದ ಬಂಗಾಳಿ ನಿರಾಶ್ರಿತರಿಗೂ ಸರ್ಕಾರ ಸಿಂಧನೂರಿನ ಬಳಿಯೇ ನೆಲೆ ಕೊಟ್ಟಿತು. ಅವರ ಮೊಮ್ಮಕ್ಕಳು ಈಗ ಅಲ್ಲಿಯವರೇ, ಅದು ಸಂತೋಷದ ವಿಷಯ. ನನ್ನನ್ನು ಕಾಡುವುದು ಸಿಂಧನೂರು ಇರುವ ಅದೇ ರಾಯಚೂರು ಜಿಲ್ಲೆಯ ಒಣಭೂಮಿಯವರ ಪಾಡು. ಕಾಲುವೆ ಮುಟ್ಟಿದಲ್ಲಿ ಬಂದವರೂ ಬೇರು ಬಿಟ್ಟರು, ಮುಟ್ಟದಲ್ಲಿ ಹುಟ್ಟಿದವರೇ ನಿಲ್ಲಲಾಗಲಿಲ್ಲ.

ದೇಶದ ಯಾವ ಮೂಲೆಗೂ ಹೋಗುವ, ಎಲ್ಲಿಯೂ ನೆಲೆಸುವ ಸ್ವಾತಂತ್ರ್ಯವನ್ನು ಸಂವಿಧಾನದ 19ನೇ ವಿಧಿ ಕೊಟ್ಟಿದೆ. ಹೋದವರನ್ನು ಕಾಪಾಡುವ ಕಾನೂನು ಮಾತ್ರ ವಿಚಿತ್ರವಾಗಿದೆ. ಗುತ್ತಿಗೆದಾರರು ಕರೆದೊಯ್ಯುವ ವಲಸೆ ಕಾರ್ಮಿಕರಿಗೆ ಪ್ರಯಾಣ ಭತ್ಯೆ, ವಸತಿ ಕೊಡಿಸಲೆಂದು 1979ರಲ್ಲಿ ಬಂದ ಕಾಯ್ದೆ ರಾಜ್ಯದ ಗಡಿ ದಾಟಿದವರಿಗಷ್ಟೇ ಅನ್ವಯಿಸುತ್ತಿತ್ತು. 2020ರ ಕಾರ್ಮಿಕ ಸಂಹಿತೆಯೂ ‘ಅಂತರರಾಜ್ಯ’ ಎಂಬ ಗೆರೆಯನ್ನು ಉಳಿಸಿಕೊಂಡಿತು. ಹಾಗಾಗಿ ಇಂಡಿಯಿಂದ ಪಕ್ಕದ ಸೊಲ್ಲಾಪುರಕ್ಕೆ ಕೆಲಸಕ್ಕೆ ಹೋದವನು ವಲಸಿಗ. ಯಾದಗಿರಿಯಿಂದ ಸುಮಾರು 500 ಕಿಲೋಮೀಟರ್ ದೂರದ ಬೆಂಗಳೂರಿಗೆ ಬಂದು ತಗಡಿನ ಶೆಡ್ಡಿನಲ್ಲಿ ಮಲಗುವವಳು ಆ ಲೆಕ್ಕಕ್ಕೇ ಇಲ್ಲ. ಅವಳ ಮಗುವಿನ ಹೆಸರು ಊರಿನ ಶಾಲೆಯ ಹಾಜರಿ ಪುಸ್ತಕದಲ್ಲಿರುತ್ತದೆ, ಮಗು ಮರಳಿನ ಗುಡ್ಡೆಯ ಮೇಲೆ ತಮ್ಮನನ್ನು ಆಡಿಸುತ್ತಿರುತ್ತದೆ.

ಊರು ಬಿಡುವುದೇ ತಪ್ಪೆಂದು ನಾನು ಒಪ್ಪುವುದಿಲ್ಲ. ಹಳ್ಳಿಯನ್ನು ಹಾಡಿ ಹೊಗಳುವವರನ್ನು ಅಂಬೇಡ್ಕರ್ 1948ರಲ್ಲಿ ಸಂವಿಧಾನ ಸಭೆಯಲ್ಲೇ ಖಂಡಿಸಿದ್ದರು. ಊರಿನ ಬಾವಿ, ಹೋಟೆಲು, ಗುಡಿ ಎಲ್ಲವೂ ಜಾತಿ ಕೇಳುವಾಗ ಹೆಸರು ಮಾತ್ರ ಕೇಳುವ ಪಟ್ಟಣ ಎಷ್ಟೋ ಜನರಿಗೆ ಉಸಿರು ಕೊಟ್ಟಿದೆ. ಹಾಗೆ ಹೋಗುವವರು ಹೋಗಲಿ, ಗೆದ್ದು ಬರಲಿ, ಬಾರದೆಯೂ ಇರಲಿ. ಆದರೆ ಇರಬೇಕೆನ್ನುವವರಿಗೆ ಇರಲು ಆಗಬೇಕು. ಅದೂ ಹಕ್ಕೇ.

ಇದು ಭಾಷಣದಿಂದ ಆಗುವ ಕೆಲಸವಲ್ಲ, ತಿಂಗಳು ನೋಡಿ ಮಾಡಬೇಕಾದ್ದು. 2005ರ ಉದ್ಯೋಗ ಖಾತ್ರಿ ಕಾಯ್ದೆ ವರ್ಷಕ್ಕೆ 100 ದಿನದ ಕೆಲಸದ ಭರವಸೆ ಕೊಟ್ಟು, ಕೇಳಿದ 15 ದಿನದೊಳಗೆ ಕೊಡಬೇಕೆಂದಿತು. ಮೇಸ್ತ್ರಿ ಕೈಯಲ್ಲಿ ದುಡ್ಡಿಡುತ್ತಾನೆ. ಪಂಚಾಯಿತಿ ಅರ್ಜಿ ಕೇಳುತ್ತದೆ, ಕೂಲಿಗೆ ಕಾಯಿಸುತ್ತದೆ. ಸಾಲಗಾರ ಯಾರ ಹಿಂದೆ ಹೋಗುತ್ತಾನೆಂದು ಕೇಳಬೇಕೇ? ಪಂಚಾಯಿತಿಯ ಕೆಲಸ ದೀಪಾವಳಿಗೆ ಮೊದಲೇ ಶುರುವಾಗಬೇಕು, ಕೂಲಿ ವಾರದೊಳಗೆ ಕೈಸೇರಬೇಕು. ಗುಳೆ ಹೋಗುವವರ ಮಕ್ಕಳಿಗಾಗಿ ನಡೆಸುವ ಹಂಗಾಮಿನ ವಸತಿ ನಿಲಯವೂ ಆ ಹೊತ್ತಿಗೇ ಬಾಗಿಲು ತೆರೆದಿರಬೇಕು. ಜನವರಿಯಲ್ಲಿ ತೆರೆದರೆ ಮಕ್ಕಳು ಅಷ್ಟರಲ್ಲಿ ಶೆಡ್ಡು ಸೇರಿರುತ್ತಾರೆ.