ಆ ಒಂದು ಸಾಲನ್ನು ಓದಿ ಹೇಳಿ

ಬೈಕಿನಿಂದ ಬಿದ್ದವನ ಹೊಟ್ಟೆಗೆ ಹ್ಯಾಂಡಲ್ ಬಡಿದಿದೆ. ಒಳಗೆ ರಕ್ತ ಸೋರುತ್ತಿದೆಯೇ, ಗುಲ್ಮ ಹರಿದಿದೆಯೇ ಎಂದು ಸಿ.ಟಿ. ಸ್ಕ್ಯಾನ್ ಮಾಡುತ್ತಾರೆ. ಗುಲ್ಮ ಸರಿಯಾಗಿದೆ, ಲಿವರ್ ಸರಿಯಾಗಿದೆ. ಆದರೆ ವರದಿಯ ಕೊನೆಯಲ್ಲೊಂದು ಸಾಲು: ಜಠರದ ಗೋಡೆಯಲ್ಲಿ ಗಡ್ಡೆಯಿದೆ, ಮುಂದಿನ ಪರೀಕ್ಷೆ ಬೇಕು. ನೋವು ಇಳಿಯುತ್ತದೆ, ಬಿಲ್ ಕಟ್ಟಿ ಮನೆಗೆ ಹೋಗುತ್ತಾರೆ. ಇಂಗ್ಲಿಷಿನಲ್ಲಿದ್ದ ಆ ಸಾಲು ಪ್ಲಾಸ್ಟಿಕ್ ಕವರಿನೊಳಗೇ ಉಳಿಯುತ್ತದೆ.

ಇದನ್ನು ನಾವು ಸಹಿಸಬಾರದು.

ಹೀಗೆ ಸದ್ದಿಲ್ಲದೆ ಬೆಳೆಯುವ ಗಡ್ಡೆಗಳಲ್ಲಿ ಜಿಸ್ಟ್ ಎಂಬುದೊಂದು. ಹೆಚ್ಚಾಗಿ ಬರುವುದು ಜಠರದಲ್ಲೇ. ಗೋಡೆಯ ಸ್ನಾಯುಪದರದಲ್ಲಿ ಹುಟ್ಟಿ ಹೊರಕ್ಕೆ ಚಾಚಿಕೊಂಡರೆ ಊಟಕ್ಕೂ ಅಡ್ಡಿಯಿಲ್ಲ, ನೋವೂ ಇಲ್ಲ. ಸಣ್ಣಗೆ ರಕ್ತ ಸೋರಿ ಸುಸ್ತಾದರೆ ಗ್ಯಾಸ್ಟ್ರಿಕ್ ಎಂದು ಮಾತ್ರೆ ನುಂಗಿ ಸುಮ್ಮನಾಗುತ್ತೇವೆ. ಅದು ಹೊಟ್ಟೆಯೊಳಗೆ ಒಡೆದರೆ ಮರುಕಳಿಸುವ ಭಯ ಬಲು ಹೆಚ್ಚು. ಒಡೆಯುವ ಮೊದಲೇ ಇಡಿಯಾಗಿ ತೆಗೆದರೆ ಎಷ್ಟೋ ಜನ ಗುಣವಾಗುತ್ತಾರೆ. ಎಲ್ಲ ಗಡ್ಡೆಗೂ ಆಪರೇಷನ್ ಬೇಕಿಲ್ಲ, ಕೆಲವನ್ನು ಆಗಾಗ ನೋಡುತ್ತಿದ್ದರೆ ಸಾಕು. ಆದರೆ ಗಡ್ಡೆಯಿದೆ ಎಂದು ರೋಗಿಗೆ ಗೊತ್ತಿರಬೇಕಲ್ಲ!

ಜಿಸ್ಟ್‌ನ ಮೂಲದಲ್ಲಿರುವ ಕಿಟ್ ಜೀನಿನ ದೋಷವನ್ನು ಜಪಾನಿನ ಸಂಶೋಧಕರು 1998ರಲ್ಲಿ ಪ್ರಕಟಿಸಿದರು. 2002ರಲ್ಲೇ ಇಮ್ಯಾಟಿನಿಬ್ ಮಾತ್ರೆಗೆ ಈ ರೋಗಕ್ಕಾಗಿ ಅಮೆರಿಕದಲ್ಲಿ ಅನುಮತಿ ಸಿಕ್ಕಿತು. ನಮ್ಮ ಸುಪ್ರೀಂ ಕೋರ್ಟು 2013ರ ಏಪ್ರಿಲ್ 1ರಂದು ಈ ಮಾತ್ರೆಗಾಗಿ ನೊವಾರ್ಟಿಸ್ ಕಂಪನಿ ಇಟ್ಟ ಪೇಟೆಂಟ್ ಬೇಡಿಕೆಯನ್ನು ತಳ್ಳಿಹಾಕಿದ್ದರಿಂದ ಇಲ್ಲಿ ತಯಾರಾಗುವ ಅಗ್ಗದ ಮಾತ್ರೆ ಬಡವರಿಗೂ ಉಳಿಯಿತು. ಇಷ್ಟೆಲ್ಲ ಆಗಿರುವಾಗ, ಹಾಸಿಗೆಯ ಪಕ್ಕ ನಿಂತು ಹೇಳಬೇಕಾದ ಎರಡು ಮಾತಿಗೆ ಬರವೇ?

ಡಾಕ್ಟರೇ, ರಾತ್ರಿಪಾಳಿಯ ದಣಿವು ಸಣ್ಣದಲ್ಲ. ಆ ಜೀವ ಉಳಿಸಿದವರೂ ನೀವೇ. ಆದರೆ ಎಲುಬಿನ ಡಾಕ್ಟರು ‘ಸರ್ಜನ್ ಹೇಳಿರುತ್ತಾರೆ’ ಎಂದು, ಸರ್ಜನ್ ‘ವಾರ್ಡಿನಲ್ಲಿ ಹೇಳಿರುತ್ತಾರೆ’ ಎಂದು ನಂಬಿ ಕೂತರೆ ಹೇಳುವವರು ಯಾರೂ ಇರುವುದಿಲ್ಲ. ಹೊಲಿಗೆ ಬಿಚ್ಚುವ ದಿನ ಬರೆಯುವ ಚೀಟಿಯಲ್ಲೇ ಕನ್ನಡದಲ್ಲಿ ಬರೆಯಿರಿ: ಹೊಟ್ಟೆಯಲ್ಲಿ ಗಡ್ಡೆ ಕಂಡಿದೆ, ಎಂಡೋಸ್ಕೋಪಿ ಮಾಡಿಸಬೇಕು, ಇಂಥ ದಿನ ಬನ್ನಿ. ಮನೆಯವರನ್ನು ಕೂರಿಸಿ ಓದಿ ಹೇಳಿ.

ಮನೆಯವರೂ ಅಂಜದೆ ಕೇಳಿ: ‘ಪೆಟ್ಟು ಬಿಟ್ಟು ಸ್ಕ್ಯಾನಿನಲ್ಲಿ ಬೇರೇನಾದರೂ ಕಂಡಿದೆಯಾ ಸಾರ್?’

ಆಸ್ಪತ್ರೆ ನಡೆಸುವವರೇ, ಈ ಕೆಲಸಕ್ಕೆ ಒಬ್ಬರ ಹೆಸರು ಗೊತ್ತುಮಾಡಿ, ಒಂದು ರಿಜಿಸ್ಟರ್ ಇಡಿ. ಹೇಳಿದ ದಿನ ರೋಗಿ ಬರದಿದ್ದರೆ ಅವರೇ ಫೋನ್ ಮಾಡಲಿ. ಎತ್ತದಿದ್ದರೆ ಮತ್ತೆ ಮಾಡಲಿ, ಆಗಲೂ ಸಿಗದಿದ್ದರೆ ಆ ಊರಿನ ಆಶಾ ಕಾರ್ಯಕರ್ತೆಗೆ ತಿಳಿಸಲಿ.